ಡಿಟೆಕ್ಟರ್ ಕಾಯಿಲ್: ಒಟ್ಟು ತೂಕ ನೋಡಬೇಕಾ, ಮುಂದಿನ ಭಾರ ನೋಡಬೇಕಾ?

ಮುಳಬಾಗಿಲು ಟೊಮೆಟೊ

ಎಲ್ಲರಿಗೂ ನಮಸ್ಕಾರ. ನಮ್ಮದು ಟೊಮೆಟೊ ಹೊಲ. ಬೆಳೆ ಮುಗಿದ ಮೇಲೆ ಅದೇ ಜಾಗದಲ್ಲಿ ಹಸುಗಳಿಗೆ ಮೇವಿನ ಜೋಳ ಹಾಕುತ್ತೇವೆ. ನೀಲಗಿರಿ ಕಡ್ಡಿಗೆ ಎಳೆದ ಕಂಬಿಯನ್ನು ಕೊನೆಯಲ್ಲಿ ಕತ್ತರಿಸಿ ತೆಗೆಯುವಾಗ ಚೂರುಗಳು ಮಣ್ಣಲ್ಲೇ ಉಳಿಯುತ್ತವೆ. ಆಮೇಲೆ ರೋಟವೇಟರ್ ಹೊಡೆದರೆ ಮುಗೀತು, ಎಲ್ಲಿ ಏನಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಪಕ್ಕದ ಮನೆಯವರ ಒಂದು ಒಳ್ಳೆ ಹಸು ಹೊಟ್ಟೆಯಲ್ಲಿ ಕಂಬಿ ಸಿಕ್ಕಿಕೊಂಡು ಸತ್ತುಹೋಯಿತು. ಅದನ್ನು ನೋಡಿದ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಮೆಟಲ್ ಡಿಟೆಕ್ಟರ್ ತಂದೆ.

ಮಷಿನ್ ಚೆನ್ನಾಗಿದೆ, ಕಂಬಿ ಚೂರು ಸಿಗುತ್ತಿದೆ. ತೊಂದರೆ ಇರುವುದು ಕೈಗೆ. ಇರುವುದು 11 ಇಂಚಿನ ಡಬಲ್ ಡಿ ಕಾಯಿಲ್, ಅಂದರೆ ನೆಲದ ಮೇಲೆ ಬೀಸುವ ತಟ್ಟೆ, ಒಳಗೆ ಡಿ ಆಕಾರದ ಎರಡು ತಂತಿ ಸುರುಳಿ. ಒಂದು ಗಂಟೆ ಬೀಸಿದರೆ ಮುಂಗೈ ಬಿಗಿದುಕೊಳ್ಳುತ್ತದೆ, ಹೆಬ್ಬೆರಳಿನ ಕಡೆಯಿಂದ ಮೊಣಕೈವರೆಗೆ ಎಳೆತ. ಮಾರಿದವರು "ಒಟ್ಟು 1.4 ಕೆಜಿ ಅಷ್ಟೇ, ಮಕ್ಕಳೂ ಹಿಡಿಯಬಹುದು" ಅಂದಿದ್ದರು. ತಕ್ಕಡಿಯಲ್ಲಿ ಇಟ್ಟರೆ ಅಷ್ಟೇ ಇದೆ, ಸುಳ್ಳೇನಲ್ಲ. ಆದರೆ ಕೈಗೆ ಅದರ ಎರಡರಷ್ಟು ಅನ್ನಿಸುತ್ತದೆ.

6 ಇಂಚಿನ ಚಿಕ್ಕ ಕಾಯಿಲ್ ತರಲಾ? ಇಲ್ಲಾ ಹಿಂದುಗಡೆ ಸೀಸದ ತೂಕ ಕಟ್ಟಿ ಬ್ಯಾಲೆನ್ಸ್ ಮಾಡಲಾ? ಬಳಸಿದವರು ಹೇಳಿ.

ಬಂಗಾರಪೇಟೆ ವರ್ಕ್‌ಶಾಪ್

ಅಣ್ಣಾ, ಎರಡರಷ್ಟು ಅನ್ನಿಸುವುದು ನಿಮ್ಮ ಭ್ರಮೆ ಅಲ್ಲ. ನಿಜವಾಗಿಯೂ ಅಷ್ಟು ಭಾರ ಕೈ ಮೇಲೆ ಬೀಳುತ್ತಿದೆ. ಖರ್ಚು ಮಾಡುವ ಮೊದಲು ಒಂದು ಅಳತೆ ತೆಗೆಯಿರಿ.

ಮಷಿನ್ ಆಫ್ ಮಾಡಿ. ಹಿಡಿಕೆಯಲ್ಲಿ ನೀವು ಮುಷ್ಟಿ ಹಿಡಿಯುವ ಜಾಗಕ್ಕೆ ಒಂದು ಹಗ್ಗ ಕಟ್ಟಿ ತೊಲೆಗೆ ತೂಗುಹಾಕಿ. ಹೊಲದಲ್ಲಿ ಹಿಡಿಯುವ ಓರೆಯಲ್ಲೇ ಇರಲಿ. ಕಾಯಿಲ್ ಮಾತ್ರ ಅಡುಗೆಮನೆ ಡಿಜಿಟಲ್ ತಕ್ಕಡಿ ಮೇಲೆ ಕೂರಲಿ. ತಕ್ಕಡಿ ತೋರಿಸುವುದು ಕಾಯಿಲ್‌ನ ತೂಕ ಅಲ್ಲ, ಮುಂದಕ್ಕೆ ಎಷ್ಟು ವಾಲುತ್ತಿದೆ ಅನ್ನುವ ಲೆಕ್ಕ. ಪೂರ್ತಿ ಬ್ಯಾಲೆನ್ಸ್ ಇದ್ದರೆ ಸೊನ್ನೆ ಬರಬೇಕು. ಜೊತೆಗೆ ಟೇಪಿನಲ್ಲಿ ಎರಡು ದೂರ ಅಳೆಯಿರಿ: ಹಿಡಿಕೆಯಿಂದ ಕಾಯಿಲ್ ಮಧ್ಯಕ್ಕೆ, ಹಿಡಿಕೆಯಿಂದ ತೋಳು ಕೂರುವ ಬಟ್ಟಲಿಗೆ. ಕಾಯಿಲ್ ಕೆಳಗೆ ಪ್ಲಾಸ್ಟಿಕ್ ಕವರ್ ಇದ್ದರೆ ಹಾಕಿ ಒಂದು ಸಲ, ತೆಗೆದು ಒಂದು ಸಲ ನೋಡಿ.

ಶ್ರೀನಿವಾಸಪುರ ಸಾಮಿಲ್

ನಾವು ಮಾವು, ಹುಣಸೆ ದಿಮ್ಮಿಯಲ್ಲಿ ಮೊಳೆ ಹುಡುಕಲು ಕೈಯಲ್ಲಿ ಹಿಡಿಯುವ ಚಿಕ್ಕದನ್ನು ಬಳಸುತ್ತೇವೆ. ಉದ್ದ ಕಡ್ಡಿಯೇ ಇಲ್ಲ, ಹಾಗಾಗಿ ಈ ತೊಂದರೆಯೇ ಬಂದಿಲ್ಲ. ಹೊಲಕ್ಕೆ ಅದು ಆಗುವುದಿಲ್ಲ ಅನ್ನುವುದೂ ಗೊತ್ತು, ಸುಮ್ನೆ ಹೇಳಿದೆ. ಮುಂದಿನ ಲೆಕ್ಕ ಏನಾಯಿತು ತಿಳಿಸಿ.

ಮುಳಬಾಗಿಲು ಟೊಮೆಟೊ

ಅಳೆದೆ. ಕವರ್ ಹಾಕಿದಾಗ ತಕ್ಕಡಿ 540 ಗ್ರಾಂ ತೋರಿಸಿತು, ತೆಗೆದಾಗ 450. ಹಿಡಿಕೆಯಿಂದ ಕಾಯಿಲ್‌ಗೆ 90 ಸೆಂಟಿಮೀಟರ್, ಬಟ್ಟಲಿಗೆ 30. ಕವರ್ ಬಿಚ್ಚಿದಾಗ ಒಳಗೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು, ಚಾಕುವಿನಲ್ಲಿ ಕೆರೆದು ತೆಗೆದೆ. ತೂಕ ನೋಡಿದ್ದು ಅದನ್ನು ತೊಳೆದ ಮೇಲೆ.

ಬಂಗಾರಪೇಟೆ ವರ್ಕ್‌ಶಾಪ್

ಬಹಳ ಒಳ್ಳೆಯ ಅಳತೆ. ಈಗ ಲೆಕ್ಕ ನೋಡಿ, ಸ್ವಲ್ಪ ಉದ್ದ ಆಗುತ್ತದೆ, ಆದರೆ ಇದರಲ್ಲೇ ಎಲ್ಲಾ ಇದೆ.

ಕಾಯಿಲ್ ಮುಂದಕ್ಕೆ ವಾಲುತ್ತದೆ. ಆಗ ಹಿಂದಿನ ಬಟ್ಟಲು ಮೇಲಕ್ಕೆ ಏಳುತ್ತದೆ. ಅದನ್ನು ನಿಮ್ಮ ತೋಳು ಕೆಳಗೆ ಒತ್ತಿ ಹಿಡಿಯಬೇಕು. ಮುಂದಿನ ದೂರ 90, ಹಿಂದಿನದು 30, ಅಂದರೆ ಮೂರು ಪಟ್ಟು. ಮುಂದೆ 540 ಗ್ರಾಂ ವಾಲಿದರೆ ತೋಳು 1,620 ಗ್ರಾಂ ಬಲದಲ್ಲಿ ಒತ್ತಬೇಕು. ಇಷ್ಟಕ್ಕೇ ಮುಗಿಯುವುದಿಲ್ಲ. ಮಷಿನ್‌ನ 1.4 ಕೆಜಿ, ತೋಳು ಒತ್ತುವ 1.62 ಕೆಜಿ, ಎರಡನ್ನೂ ಮುಷ್ಟಿಯೇ ಎತ್ತಿ ಹಿಡಿಯಬೇಕು. ಒಟ್ಟು 3 ಕೆಜಿ. ಪೆಟ್ಟಿಗೆ ಮೇಲೆ ಬರೆದಿರುವುದು 1.4, ಮುಷ್ಟಿಗೆ ಬೀಳುವುದು 3. ತುಂಬಿದ ಬಿಂದಿಗೆಯನ್ನು ಸೊಂಟದಲ್ಲಿ ಇಟ್ಟುಕೊಂಡು ಅರ್ಧ ಮೈಲಿ ನಡೆಯುವವರು, ಅದನ್ನೇ ಕೈ ಚಾಚಿ ಹಿಡಿಯಿರಿ ಅಂದರೆ ಒಂದು ನಿಮಿಷ ನಿಲ್ಲಲಾರರು, ಅಲ್ವಾ?

ಈಗ ಕವರ್ ತೆಗೆಯಿರಿ. ಕವರ್ ತೂಕ ಬರೀ 90 ಗ್ರಾಂ, ಮಷಿನ್ 1.31 ಕೆಜಿಗೆ ಬರುತ್ತದೆ. ಆದರೆ ತೋಳಿನ ಒತ್ತಡ 1,350ಕ್ಕೆ ಇಳಿಯುತ್ತದೆ, ಮುಷ್ಟಿಯ ಭಾರ 2.66 ಕೆಜಿ. ಅಂದರೆ ಮುಂದೆ 90 ಗ್ರಾಂ ಇಳಿಸಿದ್ದಕ್ಕೆ ಮುಷ್ಟಿಗೆ 360 ಗ್ರಾಂ ಲಾಭ. ನಾಲ್ಕು ಪಟ್ಟು. ಕಾಯಿಲ್ ತುದಿಯಲ್ಲಿ ಇಳಿಸಿದ ಪ್ರತಿ ಗ್ರಾಂಗೂ ಇದೇ ಲೆಕ್ಕ.

ಇನ್ನು ಸೀಸ. ಕವರ್ ತೆಗೆದ ಮೇಲೆ, ಬಟ್ಟಲಿನಿಂದ 10 ಸೆಂಟಿಮೀಟರ್ ಹಿಂದೆ 400 ಗ್ರಾಂ ಕಟ್ಟಿದಿರಿ ಅಂದುಕೊಳ್ಳಿ. ಹಿಡಿಕೆಯಿಂದ 40 ಸೆಂಟಿಮೀಟರ್ ಆಯಿತು. ಮುಂದಿನ ವಾಲಿಕೆ ಸುಮಾರು 180 ಗ್ರಾಂ ಕಡಿಮೆಯಾಗಿ 270ಕ್ಕೆ ಬರುತ್ತದೆ. ತೋಳಿನ ಒತ್ತಡ 1,350ರಿಂದ 810ಕ್ಕೆ ಬರುತ್ತದೆ, ಅದು ದೊಡ್ಡ ಲಾಭ. ಆದರೆ ಮಷಿನ್ ಈಗ 1.71 ಕೆಜಿ ಆಯಿತು. ಮುಷ್ಟಿಯ ಭಾರ 2.52. ಕವರ್ ತೆಗೆದಾಗಿನ 2.66ಕ್ಕಿಂತ 140 ಗ್ರಾಂ ಮಾತ್ರ ಕಡಿಮೆ. 400 ಗ್ರಾಂ ಸೀಸಕ್ಕಿಂತ 90 ಗ್ರಾಂ ಕವರ್ ತೆಗೆದಿದ್ದೇ ಮುಷ್ಟಿಗೆ ಜಾಸ್ತಿ ಕೆಲಸ ಮಾಡಿತು.

ಹಾಗಾಗಿ ನನ್ನ ಅಭಿಪ್ರಾಯ ಖಂಡಿತ: ಹಿಂದೆ ಸೇರಿಸುವ ಮೊದಲು ಮುಂದೆ ಇಳಿಸಿ. ಚಿಕ್ಕ ಕಾಯಿಲ್ 200 ಗ್ರಾಂ ಹಗುರ ಇದ್ದರೆ ಮುಷ್ಟಿಗೆ 800 ಗ್ರಾಂ ಕಡಿಮೆ. ಸೀಸದಿಂದ ಇಷ್ಟು ಲಾಭ ತೆಗೆಯಲು ಆಗುವುದೇ ಇಲ್ಲ.

ರಾಬರ್ಟ್‌ಸನ್‌ಪೇಟೆ

ವರ್ಕ್‌ಶಾಪ್ ಅಣ್ಣನ ಲೆಕ್ಕಕ್ಕೆ ಒಂದು ಮಾತು ಸೇರಿಸುತ್ತೇನೆ. ಇದು ಸುಮ್ಮನೆ ಹಿಡಿದು ನಿಂತಾಗಿನ ಲೆಕ್ಕ. ನಾವು ನಿಲ್ಲುವುದಿಲ್ಲ, ಬೀಸುತ್ತೇವೆ. ಎಡದಿಂದ ಬಲಕ್ಕೆ ಹೋದ ಕಾಯಿಲ್ ಅನ್ನು ನಿಲ್ಲಿಸಿ ವಾಪಸ್ ತಿರುಗಿಸಬೇಕು. ಅಲ್ಲಿ ದೂರದ ವರ್ಗದ (ದೂರ × ದೂರ) ಲೆಕ್ಕ ಬರುತ್ತದೆ. ಮೊಣಕೈಯಿಂದ ಕಾಯಿಲ್ 1.2 ಮೀಟರ್ ಇದ್ದರೆ, ಅಲ್ಲಿರುವ 200 ಗ್ರಾಂ ಕೊಡುವ ಎಳೆತಕ್ಕೂ ಮೊಣಕೈ ಹತ್ತಿರ ಕಟ್ಟಿದ ಅರ್ಧ ಕೆಜಿ ಸೀಸ ಕೊಡುವ ಎಳೆತಕ್ಕೂ ಹೋಲಿಕೆಯೇ ಇಲ್ಲ. ಇದರಲ್ಲಿ ಒಂದು ಒಳ್ಳೆಯದು, ಒಂದು ಕೆಟ್ಟದ್ದು. ಸೀಸ ಕಟ್ಟಿದರೆ ಬೀಸುವುದು ಕಷ್ಟ ಆಗುವುದಿಲ್ಲ, ಅದು ಒಳ್ಳೆಯದು. ಆದರೆ ಭಾರದ ಕಾಯಿಲ್‌ನ ಬೀಸು ಸೀಸದಿಂದ ಸುಲಭವೂ ಆಗುವುದಿಲ್ಲ. ವಾಲುವುದು ಮಾತ್ರ ನಿಲ್ಲುತ್ತದೆ. ಮಣಿಕಟ್ಟು ನೋಯುವವರಿಗೆ ಸೀಸದಿಂದ ಉಪಯೋಗ ಇದೆ, ಭುಜ ನೋಯುವವರಿಗೆ ಅಷ್ಟಾಗಿ ಇಲ್ಲ.

ಮಷಿನ್ ಮಾಡುವವರಿಗೂ ಇದು ಗೊತ್ತು. ಮೈನ್‌ಲ್ಯಾಬ್ ಸಿಟಿಎಕ್ಸ್ 3030 ತೂಕ 2.36 ಕೆಜಿ. ಅದರ ಬ್ಯಾಟರಿ ತೋಳಿನ ಬಟ್ಟಲಿನ ಹಿಂದೆ ಇದೆ, ಹಾಗಾಗಿ ಮೂಗು ಅಷ್ಟು ವಾಲುವುದಿಲ್ಲ. ಅದೇ ಕಂಪನಿಯ ಇಕ್ವಿನಾಕ್ಸ್ 800 ಬರೀ 1.34 ಕೆಜಿ, ಆದರೆ ಬ್ಯಾಟರಿ ಹಿಡಿಕೆಯೊಳಗೆ. 15×12 ಇಂಚಿನ ದೊಡ್ಡ ಕಾಯಿಲ್ ಹಾಕಿದವರೆಲ್ಲಾ ಮುಂದೆ ಭಾರ ಅನ್ನುತ್ತಾರೆ. ಎಕ್ಸ್‌ಪಿ ಡಿಯಸ್ ಇನ್ನೂ ಬೇರೆ ದಾರಿ ಹಿಡಿಯಿತು. ಕೇಬಲ್ ಇಲ್ಲ, ಕಾಯಿಲ್ ಒಳಗೇ ಚಿಕ್ಕ ಬ್ಯಾಟರಿ, ಒಟ್ಟು 987 ಗ್ರಾಂ. ರಿಮೋಟ್ ಬಿಚ್ಚಿ ಜೇಬಿಗೆ ಹಾಕಿಕೊಂಡರೆ ಇನ್ನೂ ಹಗುರ.

ಹೊಸಬ ಕೋಲಾರ

ರಾಬರ್ಟ್‌ಸನ್‌ಪೇಟೆ ಸರ್, ನೀವು ಕೆಜಿಎಫ್‌ನವರು ಅಂತ ಕೇಳುತ್ತಿದ್ದೇನೆ. ದೊಡ್ಡ ಕಾಯಿಲ್ ಇದ್ದರೆ ಸೈನೈಡ್ ದಿಬ್ಬದಲ್ಲಿ ಚಿನ್ನ ತೋರಿಸುತ್ತದಾ? ಹಾಗೇ ಹಳೆ ದೇವಸ್ಥಾನಗಳ ಸುತ್ತ ಆಳದಲ್ಲಿ ಹುಡುಕಲು ಯಾವ ಸೈಜು ಒಳ್ಳೆಯದು?

ರಾಬರ್ಟ್‌ಸನ್‌ಪೇಟೆ

ತಮ್ಮಾ, ಮೊದಲನೆಯದಕ್ಕೆ ಉತ್ತರ: ಇಲ್ಲ. ಇಲ್ಲಿನ ಚಿನ್ನ ಬೆಣಚು ಕಲ್ಲಿನಲ್ಲಿ ಬಹಳ ಸಣ್ಣ ಕಣಗಳಾಗಿ ಇತ್ತು. ಕಲ್ಲನ್ನು ಹಿಟ್ಟು ಮಾಡಿ ಸೈನೈಡ್‌ನಲ್ಲಿ ಕರಗಿಸಿ ತೆಗೆದರು. ಹಾಗೆ ತೆಗೆದು ಉಳಿದ ಹಿಟ್ಟೇ ಆ ದಿಬ್ಬ. ಅದರಲ್ಲಿ ಏನಾದರೂ ಉಳಿದಿದ್ದರೂ ಧೂಳಿಗಿಂತ ಸಣ್ಣದು, ಯಾವ ಕಾಯಿಲ್‌ಗೂ ಕಾಣುವುದಿಲ್ಲ. ಗಣಿ 2001ರಲ್ಲೇ ಮುಚ್ಚಿತು. ಆ ಧೂಳು ಉಸಿರಿಗೆ ಹೋಗಿ ಕಷ್ಟಪಡುವ ಜನ ನಮ್ಮ ಬೀದಿಗಳಲ್ಲೇ ಇದ್ದಾರೆ, ದಯವಿಟ್ಟು ಅಲ್ಲಿ ಹೋಗಿ ಕೆದಕಬೇಡ. ಆಸ್ಟ್ರೇಲಿಯಾದಲ್ಲಿ ಜಿಪಿಎಕ್ಸ್ 6000 ಥರದ ಮಷಿನ್ ಹಿಡಿದು ಹುಡುಕುವವರಿಗೆ ಸಿಗುವುದು ಗಟ್ಟಿ ತುಣುಕು, ಅದು ಬೇರೆ ನೆಲ.

ಎರಡನೆಯದಕ್ಕೆ ಬೇರೆ ಯಾರಾದರೂ ಹೇಳಲಿ.

ಕೋಲಾರ ಪೈಪ್‌ಲೈನ್

ನಾನು ಹೇಳುತ್ತೇನೆ. ದೇವಸ್ಥಾನದ ಹತ್ತಿರ ಯಾವ ಸೈಜೂ ಬೇಡ. ಕೋಲಾರಮ್ಮ, ಸೋಮೇಶ್ವರ, ಆವಣಿ ರಾಮಲಿಂಗೇಶ್ವರ, ಇವೆಲ್ಲ ಸಂರಕ್ಷಿತ ಸ್ಮಾರಕಗಳು, 1958ರ ಕಾಯ್ದೆ ಇದೆ. ನಿಮ್ಮ ಸ್ವಂತ ಹೊಲದಲ್ಲೇ ಹೂತಿಟ್ಟ ಬೆಲೆಬಾಳುವ ವಸ್ತು ಸಿಕ್ಕರೂ, ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ನಿಧಿ ಆಸೆಗೆ ನಮ್ಮ ಕಡೆ ಎಷ್ಟು ವೀರಗಲ್ಲು, ಎಷ್ಟು ಬಸವಣ್ಣ ಉರುಳಿಸಿದ್ದಾರೆ ಅಂತ ಊರೂರಲ್ಲಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಈ ಮಾತು ಇಲ್ಲಿಗೆ ನಿಲ್ಲಲಿ.

ಕಾಯಿಲ್ ವಿಷಯಕ್ಕೆ ಬರುತ್ತೇನೆ. ರಸ್ತೆಗೆ ಡಾಂಬರು ಹಾಕುವಾಗ ಮುಚ್ಚಿಹೋದ ವಾಲ್ವ್ ಮುಚ್ಚಳ ಹುಡುಕುವುದು ನನ್ನ ಕೆಲಸ. ಮುಚ್ಚಳ ದೊಡ್ಡ ಕಬ್ಬಿಣ, ಯಾವ ಕಾಯಿಲ್ ಆದರೂ ಕೂಗುತ್ತದೆ. ದೊಡ್ಡ ಕಾಯಿಲ್ ಅಂದರೆ ಆಳ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ದೊಡ್ಡ ವಸ್ತುವಿಗೆ ಅದು ನಿಜ. ಚಿಕ್ಕ ವಸ್ತುವಿಗೆ ಅಲ್ಲ. ದೊಡ್ಡ ಕಾಯಿಲ್ ಒಂದೇ ಸಲಕ್ಕೆ ಜಾಸ್ತಿ ನೆಲ ನೋಡುತ್ತದೆ, ನಮ್ಮ ಕೆಂಪು ಮಣ್ಣಲ್ಲಿ ಕಬ್ಬಿಣದ ಅಂಶ ಇದೆ, ಆ ಮಣ್ಣಿನ ಸದ್ದೂ ಅಷ್ಟೇ ಜಾಸ್ತಿ ಬರುತ್ತದೆ. ಒಂದು ಬೆರಳುದ್ದದ ಕಂಬಿ ಚೂರು ಆ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಬೋರ್‌ವೆಲ್ ಮೋಟಾರು, ಕರೆಂಟ್ ಲೈನಿನ ಗಲಾಟೆಯೂ ದೊಡ್ಡ ಕಾಯಿಲ್‌ಗೇ ಹೆಚ್ಚು ತಾಕುತ್ತದೆ. ಕಂಬಿ ಹುಡುಕುವವರು ದೊಡ್ಡ ಕಾಯಿಲ್‌ನ ಭಾರ ಹೊರುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಮಾಲೂರು ಪಶುವೈದ್ಯೆ

ಟೊಮೆಟೊ ಅವರೇ, ನೀವು ಮಾಡುತ್ತಿರುವ ಕೆಲಸ ನೋಡಿ ಬಹಳ ಖುಷಿಯಾಯಿತು. ಹಸು ಮೇವನ್ನು ಅಗಿದು ನೋಡಿ ನುಂಗುವುದಿಲ್ಲ, ಬಾಚಿ ನುಂಗುತ್ತದೆ. ಕಂಬಿ ಎರಡನೇ ಹೊಟ್ಟೆಯಲ್ಲಿ ಕೂರುತ್ತದೆ. ಅದರ ಪಕ್ಕದಲ್ಲೇ ಹೃದಯ. ಹೊಟ್ಟೆ ಹಿಂಡಿದಾಗೆಲ್ಲಾ ಚೂಪು ತುದಿ ಮುಂದಕ್ಕೆ ಚುಚ್ಚುತ್ತದೆ. ಹಾಲು ಇದ್ದಕ್ಕಿದ್ದಂತೆ ಇಳಿಯುವುದು, ಬೆನ್ನು ಬಾಗಿಸಿ ನಿಲ್ಲುವುದು, ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುವುದು, ಇವು ಕಂಡರೆ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಹೇಳಿ. ಹಸುವಿಗೆ ನುಂಗಿಸುವ ಮ್ಯಾಗ್ನೆಟ್ ಕೂಡ ಇದೆ, ಅದು ಹೊಟ್ಟೆಯಲ್ಲೇ ಉಳಿದು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಡಾಕ್ಟರನ್ನು ಕೇಳಿ ಹಾಕಿಸಿ.

ಕಾಯಿಲ್ ಬಗ್ಗೆ ನನಗೆ ಅಷ್ಟು ಗೊತ್ತಿಲ್ಲ. ಮೇವು ಕತ್ತರಿಸುವ ಮಷಿನ್ ಬಾಯಿಗೂ ಒಂದು ದೊಡ್ಡ ಮ್ಯಾಗ್ನೆಟ್ ಕಟ್ಟಿ. ಹೊಲದಲ್ಲಿ ತಪ್ಪಿದ್ದು ಅಲ್ಲಿ ಸಿಗಲಿ.

ಮುಳಬಾಗಿಲು ಟೊಮೆಟೊ

ಮೇಡಂ, ತುಂಬಾ ಧನ್ಯವಾದ. ಮ್ಯಾಗ್ನೆಟ್ ಖಂಡಿತ ಹಾಕಿಸುತ್ತೇನೆ.

6 ಇಂಚಿನ ಬಗ್ಗೆ ಒಂದೇ ಅನುಮಾನ. 11 ಇಂಚು ಅಂದರೆ 28 ಸೆಂಟಿಮೀಟರ್, 6 ಇಂಚು ಅಂದರೆ 15. ಹೆಜ್ಜೆ ಹೆಜ್ಜೆಗೆ ಸುಮಾರು ಎರಡರಷ್ಟು ಸಲ ಬೀಸಬೇಕಲ್ಲವಾ? ಹಗುರ ಆದ ಲಾಭ ಅಲ್ಲೇ ಹೋಯಿತು. ಹೊಲ ಅರ್ಧ ಎಕರೆ ಇದೆ.

ಚಿಂತಾಮಣಿ ಅಕ್ಕ

ತಮ್ಮಾ, ನಾನು ಹೇಳುತ್ತೇನೆ ಕೇಳು. 5×10 ಇಂಚಿನ ಉದ್ದುದ್ದ ಕಾಯಿಲ್ ಬರುತ್ತದೆ, ಡಬಲ್ ಡಿ. ಅದು ಕಡ್ಡಿಯ ಉದ್ದಕ್ಕೇ ಚಾಚಿಕೊಂಡು ಕೂರುತ್ತದೆ. ಡಬಲ್ ಡಿ ಕಾಯಿಲ್ ಕೆಳಗೆ ಮುಂದಿನ ತುದಿಯಿಂದ ಹಿಂದಿನ ತುದಿವರೆಗೆ ಪಟ್ಟಿ ಥರ ನೋಡುತ್ತದೆ. ಅಡ್ಡಡ್ಡ ಬೀಸುವಾಗ ನಿನಗೆ ಬೇಕಾದ್ದು ಆ ಉದ್ದ, ಅಗಲ ಅಲ್ಲ. ಒಂದು ಬೀಸಿಗೆ 10 ಇಂಚಿನ ಪಟ್ಟಿ ಸಿಗುತ್ತದೆ, 11 ಇಂಚಿನದಕ್ಕೆ ಹತ್ತಿರ ಹತ್ತಿರ. ಅಗಲ ಅರ್ಧ ಆದ್ದರಿಂದ ತೂಕ ಕಡಿಮೆ, ಕೆಂಪು ಮಣ್ಣಿನ ಸದ್ದೂ ಕಡಿಮೆ. ಆಳ ಸ್ವಲ್ಪ ಕಮ್ಮಿ ಆಗುತ್ತದೆ. ನೀನು ಹುಡುಕುವುದು ರೋಟವೇಟರ್ ತಿರುಗಿಸಿದ ಮೇಲಿನ ಒಂದು ಗೇಣು ಮಣ್ಣು, ಅಷ್ಟಕ್ಕೆ ಸಾಕು. ನಿನ್ನ ಮಷಿನ್‌ಗೆ ಹೊಂದುವ ಕಾಯಿಲ್ಲೇ ಬೇಕು, ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಇದನ್ನು ಮೊದಲು ವಿಚಾರಿಸು.

ಇನ್ನೊಂದು. ಯಾರೂ ಕಡ್ಡಿಯ ಉದ್ದದ ಬಗ್ಗೆ ಮಾತಾಡಲಿಲ್ಲ. ನಾನು ಕುಳ್ಳಿ, ನನಗೆ ಇದು ಬಹಳ ಮುಖ್ಯ. ಗಂಡಸರು ಕಡ್ಡಿಯನ್ನು ಪೂರ್ತಿ ಎಳೆದು ಕಾಯಿಲ್ ಅನ್ನು ಎಲ್ಲೋ ದೂರ ಬೀಸುತ್ತಾರೆ. ವರ್ಕ್‌ಶಾಪ್ ಅಣ್ಣನ ಲೆಕ್ಕದಲ್ಲೇ ನೋಡು, 90 ಸೆಂಟಿಮೀಟರ್ 80 ಆದರೆ ತೋಳಿನ ಒತ್ತಡ ತಾನಾಗಿ ಇಳಿಯುತ್ತದೆ. ನೆಟ್ಟಗೆ ನಿಂತು, ಕೈ ಸಡಿಲ ಬಿಟ್ಟು, ಕಾಯಿಲ್ ನೆಲದಿಂದ ಎರಡು ಬೆರಳು ಮೇಲೆ ಇರುವಂತೆ ಕಡ್ಡಿ ಹೊಂದಿಸು. ಬಗ್ಗಬೇಕಾಗಿ ಬಂದರೆ ಗಿಡ್ಡ ಆಯಿತು, ಭುಜ ಮೇಲೆದ್ದರೆ ಉದ್ದ ಆಯಿತು.

ಕೈ ಸೋತಾಗ ಏನಾಗುತ್ತದೆ ಅಂತ ಗಮನಿಸು. ಬೀಸಿನ ಎರಡೂ ಕೊನೆಗೆ ಕಾಯಿಲ್ ಮೇಲಕ್ಕೆ ಏಳುತ್ತದೆ, ಉಯ್ಯಾಲೆ ಥರ. ಮಧ್ಯದಲ್ಲಿ ಎರಡು ಬೆರಳು, ಕೊನೆಯಲ್ಲಿ ಒಂದು ಗೇಣು. ಅಲ್ಲಿದ್ದ ಕಂಬಿ ತಪ್ಪಿಹೋಗುತ್ತದೆ. ತೂಕ ಬರೀ ನೋವಿನ ವಿಷಯ ಅಲ್ಲ, ಕೆಲಸದ ವಿಷಯ.

ಬಂಗಾರಪೇಟೆ ವರ್ಕ್‌ಶಾಪ್

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. 5×10ಕ್ಕೆ ನನ್ನ ಓಟು. ಇನ್ನೆರಡು ಕೈಗೆಟುಕುವ ವಿಷಯ ಹೇಳುತ್ತೇನೆ.

ಸೀಸ ಕಟ್ಟುವುದಾದರೆ ಬಟ್ಟಲಿನ ಹಿಂದೆ, ಕಡ್ಡಿಯ ಕೊನೆಯಲ್ಲಿ ಕಟ್ಟಿ, ಅಲ್ಲಾಡದಂತೆ ಟೇಪ್ ಸುತ್ತಿ. ಅಲ್ಲಿ ಲೋಹ ಇದ್ದರೆ ಕಾಯಿಲ್‌ಗೆ ತೊಂದರೆ ಇಲ್ಲ, ದೂರ ಇದೆ. ಆದರೆ ಕಾಯಿಲ್ ಹತ್ತಿರ ಮಾತ್ರ ಲೋಹ ಬರಲೇಬಾರದು. ಕಾಯಿಲ್ ಹಿಡಿಯುವ ಬೋಲ್ಟ್ ಪ್ಲಾಸ್ಟಿಕ್ಕಿನದು ಇರುವುದು ಅದಕ್ಕೇ. ಅದು ಸವೆದುಹೋಯಿತು ಅಂತ ಒಬ್ಬರು ನಮ್ಮ ಅಂಗಡಿಯಲ್ಲಿ ಸ್ಟೀಲ್ ಬೋಲ್ಟ್ ಕೇಳಿದರು, ನಾನು ಕೊಡಲಿಲ್ಲ. ಹಾಕಿದ್ದರೆ ಮಷಿನ್ ದಿನವಿಡೀ ಆ ಬೋಲ್ಟನ್ನೇ ಕೂಗುತ್ತಿತ್ತು. ಬೋಲ್ಟ್ ಬಿಗಿ ಮಾಡುವಾಗಲೂ ಕೈಯಿಂದಲೇ ಸಾಕು, ಪಕ್ಕಡ್ ಹಾಕಿದರೆ ಕಾಯಿಲ್‌ನ ಕಿವಿ ಒಡೆಯುತ್ತದೆ. ರಬ್ಬರ್ ವಾಷರ್ ಸವೆದು ಸಡಿಲ ಆಗಿದ್ದರೆ ವಾಷರ್ ಬದಲಿಸಿ.

ಕೇಬಲ್ ಕಡ್ಡಿಗೆ ಬಿಗಿಯಾಗಿ ಸುತ್ತಿರಲಿ. ಕಾಯಿಲ್ ಪಕ್ಕದಲ್ಲಿ ಅಲ್ಲಾಡುವ ಕೇಬಲ್ ಸುಳ್ಳು ಸದ್ದು ಕೊಡುತ್ತದೆ.

ರಾಬರ್ಟ್‌ಸನ್‌ಪೇಟೆ

ಕವರ್ ಪೂರ್ತಿ ಬಿಡಬೇಡಿ. ಮೇವು ಕೊಯ್ದ ಕೂಳೆಯ ಮೇಲೆ ಕವರ್ ಇಲ್ಲದೆ ಉಜ್ಜಿದರೆ ಕಾಯಿಲ್ ತಳ ಗೀರುತ್ತದೆ, ಒಮ್ಮೆ ಬಿರುಕು ಬಿಟ್ಟರೆ ನೀರು ಒಳಗೆ ಹೋಗಿ ಕಾಯಿಲ್ಲೇ ಹೋಗುತ್ತದೆ. ಉಳುಮೆ ಮಾಡಿ ಹರಗಿದ ಹೊಲದಲ್ಲಿ ತೆಗೆದು ಓಡಾಡಿ, ಕೂಳೆ ಇದ್ದಾಗ ಹಾಕಿಕೊಳ್ಳಿ. ಹಾಕಿದ ದಿನ ಸಂಜೆ ಬಿಚ್ಚಿ ತೊಳೆಯಿರಿ. ಆ ಕೆಂಪು ಮಣ್ಣು ತೂಕವೂ ಹೌದು, ಸುಳ್ಳು ಸದ್ದೂ ಹೌದು.

ಆಗಲೂ ಕೈ ನೋಯುತ್ತದೆ ಅಂದರೆ ಭುಜದ ಪಟ್ಟಿಗೆ ರಬ್ಬರ್ ಹಗ್ಗ ಕಟ್ಟಿ ಹಿಡಿಕೆಯ ಸ್ವಲ್ಪ ಮುಂದೆ ಕೊಂಡಿ ಹಾಕಿ. ಜಿಪಿಎಕ್ಸ್ 5000ದಂಥ ಭಾರದ ಮಷಿನ್‌ನವರು ಹಾಗೇ ಮಾಡುತ್ತಾರೆ, ಬ್ಯಾಟರಿಯೂ ಬೆನ್ನ ಮೇಲೆ ಇರುತ್ತದೆ. ಭಾರ ಭುಜ ಹೊರುತ್ತದೆ, ಕೈ ಬರೀ ದಾರಿ ತೋರಿಸುತ್ತದೆ.

ಮುಳಬಾಗಿಲು ಟೊಮೆಟೊ

ಅಕ್ಕ ಹೇಳಿದಂತೆ ಕಡ್ಡಿ 8 ಸೆಂಟಿಮೀಟರ್ ಒಳಗೆ ತಳ್ಳಿದೆ, ಕವರ್ ತೆಗೆದೆ, ಒಂದು ಬೆಳಿಗ್ಗೆ ಬೀಸಿ ನೋಡಿದೆ. ವ್ಯತ್ಯಾಸ ಗೊತ್ತಾಗುತ್ತಿದೆ, ಮಣಿಕಟ್ಟಿನ ಎಳೆತ ಬಹಳ ಇಳಿದಿದೆ. ಭುಜ ಮಾತ್ರ ಇನ್ನೂ ಹೇಳುತ್ತಿದೆ. ಸೀಸ ಸದ್ಯಕ್ಕೆ ಬೇಡ. ನನ್ನ ಮಷಿನ್‌ಗೆ 5×10 ಸಿಗುತ್ತದೆ ಅಂತ ವಿಚಾರಿಸಿ ತಿಳಿದೆ. ಹೊಸದು ಬಂದ ಮೇಲೆ ಅದೇ ತೊಲೆ, ಅದೇ ತಕ್ಕಡಿ ಮೇಲೆ ಇಟ್ಟು ಎಷ್ಟು ಬಂತು ಅಂತ ಇಲ್ಲಿ ಹಾಕುತ್ತೇನೆ.

ಒಂದು ಪ್ರಶ್ನೆ ಉಳಿಯಿತು. ಕಂಬಿಗೆ ಐರನ್ ಡಿಸ್ಕ್ರಿಮಿನೇಶನ್ (ಕಬ್ಬಿಣಕ್ಕೆ ಕೂಗದಂತೆ ತಡೆಯುವ ಸೆಟ್ಟಿಂಗ್) ಆಫ್ ಇಡಬೇಕು ತಾನೇ?

ಕೋಲಾರ ಪೈಪ್‌ಲೈನ್

ಹೌದು, ಪೂರ್ತಿ ಆಫ್. ಎಲ್ಲ ಲೋಹಕ್ಕೂ ಕೂಗುವ ಆಲ್ ಮೆಟಲ್‌ನಲ್ಲಿ ಇಡಿ. ನಿಮಗೆ ಬೇಕಾದ್ದೇ ಕಬ್ಬಿಣ. ಹೊಸ ಕಾಯಿಲ್ ಹಾಕಿದ ಮೇಲೆ ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನ ಸದ್ದು ಕಳೆಯುವ ಹೊಂದಾಣಿಕೆ) ಮತ್ತೆ ಮಾಡಿ, ಲೋಹ ಇಲ್ಲದ ಜಾಗ ನೋಡಿಕೊಂಡು. ಬದುವಿನ ಮೇಲೆ ಮಾಡಬೇಡಿ, ಅಲ್ಲಿ ಹಳೆ ಬೇಲಿ ತಂತಿ ಇರುತ್ತದೆ. ಹೊಲದ ನಡುವೆ ಮಾಡಿ.